ಅದ್ದಿದ ಬಟ್ಟೆ

“ದೀಕ್ಷಾಸ್ನಾನ ಅನ್ನುತ್ತೀರಲ್ಲ ಗುರುಗಳೇ, ನಮ್ಮ ಭಾಷೆಗೆ ಬರುವ ಮೊದಲು ಆ ಮಾತು ಏನಾಗಿತ್ತು?” ಎಂದು ದ್ಯಾಮಣ್ಣ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಬರುವ ಭಾನುವಾರ ಅವನೂ ಅವನ ಹೆಂಡತಿಯೂ ದೀಕ್ಷಾಸ್ನಾನ ತೆಗೆದುಕೊಂಡು ಯೇಸುವಿನ ಮಾರ್ಗ ಸೇರುವವರಿದ್ದರು. ಊರವರ ಕಣ್ಣೆದುರೇ ಹೊಳೆಗೆ ಇಳಿಯುತ್ತೇನೆ ಎಂದು ಹೆಂಡತಿ ಹಟ ಹಿಡಿದು ಕೂತಿದ್ದಳು. ಹಾಗೆ ಮಾಡಿದರೆ ದ್ಯಾಮಣ್ಣನ ಅಣ್ಣಂದಿರು ಇಬ್ಬರನ್ನೂ ಹೊಸ್ತಿಲಾಚೆ ಹಾಕುವುದು ಖಂಡಿತ. ಸ್ನಾನವೆಂದರೆ ಸ್ನಾನ ತಾನೆ, ತನ್ನದೊಂದನ್ನು ಮನೆಯೊಳಗೆ ಬಾಗಿಲು ಹಾಕಿಕೊಂಡು ಒಂದು ಚೊಂಬು ನೀರಿನಲ್ಲಿ ಮುಗಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ದ್ಯಾಮಣ್ಣನ ಆಸೆ.

ಗುರುಗಳಿಗೆ ಅದು ಗೊತ್ತಿತ್ತು. ಅವರು ಹೇಳಿದರು:

ಚೊಂಬಾದರೇನು, ಹೊಳೆಯಾದರೇನು, ನೀರು ಎಷ್ಟಿತ್ತು ಎಂದು ದೇವರು ಅಳೆಯುವುದಿಲ್ಲಪ್ಪ. ಮಾತಿನ ಹುಟ್ಟು ಕೇಳಿದೆ, ಅದನ್ನು ಹೇಳುತ್ತೇನೆ. ದೀಕ್ಷೆಯನ್ನೂ ಸ್ನಾನವನ್ನೂ ಸೇರಿಸಿ ಹೊಲಿದವರು ನಮ್ಮ ಕಡೆಯವರು. ಮೊದಲು ಅದು ಗ್ರೀಕರ ಬಾಯಲ್ಲಿ ಬಾಪ್ತಿಸ್ಮ ಆಗಿತ್ತು, ಅಂದರೆ ಮುಳುಗಿಸುವುದು. ಅಲ್ಲಿ ಅದು ಪೂಜೆಯ ಮಾತಲ್ಲ, ದುಡಿಯುವವರ ಮಾತು. ಬಣ್ಣಗಾರ ಬಟ್ಟೆಯನ್ನು ತೊಟ್ಟಿಯಲ್ಲಿ ಅದ್ದಿದರೆ ಆ ಬೇರಿನ ಮಾತು. ಹಡಗು ಕಡಲಿನ ತಳ ಸೇರಿದರೂ ಅದೇ ಬೇರಿನ ಮಾತು. ಆ ಭಾಷೆ ಆಡುತ್ತಿದ್ದ ಒಂದು ಬಂದರಿನ ಊರಿನ ಕತೆ ಕೇಳು.

ಆ ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಬಟ್ಟೆಗೆ ನೀಲಿ ಹಾಕುವುದು ಅವನ ಕಸುಬು. ಮೊಣಕೈವರೆಗೆ ಎರಡೂ ಕೈ ನೀಲಿ. ಇವನು ಮುರಿದ ರೊಟ್ಟಿಯೂ ನೀಲಿ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಅವನೂ ಅವನ ಹೆಂಡತಿಯೂ ಯೇಸುವಿನ ಮಾರ್ಗ ಹಿಡಿದರು. ಊರಾಚೆಯ ಹಳ್ಳದಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ, ಇಬ್ಬರೂ ಮುಳುಗಿ ಎದ್ದು ಬಂದರು. ಇದು ನಮ್ಮೊಳಗೇ ಇರಲಿ ಎಂದು ದಾರಿಯಲ್ಲಿ ಗಂಡ ಹೇಳಿದ. ಹೆಂಡತಿ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ವರ್ಷ ತಿರುಗುವುದರೊಳಗೆ ದೊರೆಯ ಅಪ್ಪಣೆ ಬಂತು. ಆ ಮಾರ್ಗದವರು ಅದನ್ನು ಬಿಟ್ಟೆವು ಎನ್ನಬೇಕು, ಇಲ್ಲವೇ ಸಾಯಬೇಕು. ಎಷ್ಟೋ ಜನ ಸೆರೆಮನೆ ಸೇರಿದರು. ಬಣ್ಣಗಾರನ ಹೆಂಡತಿ ಅವರಿಗೆ ರೊಟ್ಟಿ ಕೊಟ್ಟು ಬರುವುದನ್ನು ಯಾರೋ ಕಂಡು ಹೇಳಿದರು. ಒಂದು ಬೆಳಿಗ್ಗೆ ಅಧಿಕಾರಿ ಸಿಪಾಯಿಗಳೊಡನೆ ಅಂಗಳಕ್ಕೆ ಬಂದ. ನೀನು ಆ ಮಾರ್ಗದವಳೇ ಎಂದು ಕೇಳಿದ. ಹೌದು ಎಂದಳು. ಬಿಡುತ್ತೀಯಾ ಎಂದ. ಇಲ್ಲ ಎಂದಳು. ಅವಳ ವಿಚಾರಣೆ ಅಷ್ಟಕ್ಕೇ ಮುಗಿಯಿತು.

ಬಣ್ಣಗಾರ ಆಗತಾನೆ ತೊಟ್ಟಿಯಿಂದ ಒಂದು ಬಟ್ಟೆ ಮೇಲೆತ್ತುತ್ತಿದ್ದ. ಅಧಿಕಾರಿ ಅವನ ಕಡೆ ತಿರುಗಿದ.

“ನೀನು?”

“ನನಗೆ ಬಟ್ಟೆ ಅದ್ದುವುದೊಂದೇ ಗೊತ್ತು, ಒಡೆಯ. ಇವಳ ವಿಚಾರ ನನಗೆ ತಿಳಿಯದು.”

ಅಧಿಕಾರಿ ನಂಬಲಿಲ್ಲ. ಇವನನ್ನೂ ಹಿಡಿಯಿರಿ ಎನ್ನುವಂತೆ ಸಿಪಾಯಿಗಳ ಮುಖ ನೋಡಿದ. ಆಗ ಹೆಂಡತಿ ನಕ್ಕುಬಿಟ್ಟಳು.

“ಇವನನ್ನು ಯಾವ ದೇವರು ಸೇರಿಸಿಕೊಳ್ಳುತ್ತಾನೆ, ಒಡೆಯ? ತೊಟ್ಟಿಗೆ ಸುಣ್ಣ ಎಷ್ಟು ಹಾಕಬೇಕು ಎಂಬುದು ಬಿಟ್ಟರೆ ಇವನ ತಲೆಯಲ್ಲಿ ಬೇರೇನೂ ನಿಲ್ಲುವುದಿಲ್ಲ.”

ಸಿಪಾಯಿಗಳೂ ನಕ್ಕರು. ಅಧಿಕಾರಿ ಅವನನ್ನು ಬಿಟ್ಟ.

ಬಟ್ಟೆ ಇನ್ನೂ ಬಣ್ಣಗಾರನ ಕೈಯಲ್ಲೇ ಇತ್ತು. ತೊಟ್ಟಿಯಿಂದ ಬಂದಾಗ ಹಳದಿ ಹಸಿರಾಗಿದ್ದದ್ದು, ಎಲ್ಲರೂ ನೋಡುತ್ತಿದ್ದಂತೆ ನೀಲಿಗೆ ತಿರುಗತೊಡಗಿತು. ಅಧಿಕಾರಿಗೆ ಸೋಜಿಗ, ಇದೇನು ಎಂದು ಕೇಳಿದ. ಕಸುಬಿನ ಮಾತು ತಾನೆ, ಬಣ್ಣಗಾರನಿಗೆ ಧೈರ್ಯ ಬಂತು. ತೊಟ್ಟಿಯೊಳಗೆ ಇರುವಷ್ಟು ಹೊತ್ತು ನೀಲಿ ಕಾಣುವುದಿಲ್ಲ, ಮೇಲೆ ಬಂದು ಗಾಳಿ ತಾಗಿದ ಮೇಲೇ ಬಣ್ಣ ಏರುವುದು ಎಂದ. ಹೇಳುತ್ತ ಹೇಳುತ್ತ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ಅವಳು ಬೇರೆ ಕಡೆ ನೋಡಿದಳು.

ಅವಳನ್ನೂ ಇನ್ನು ಹನ್ನೊಂದು ಜನರನ್ನೂ ಕೈಕಟ್ಟಿ ಒಂದು ಹಳೆಯ ದೋಣಿಗೆ ಹತ್ತಿಸಿದರು. ನಡು ಮಧ್ಯಾಹ್ನ, ದಡದಿಂದ ಕಾಣುವಷ್ಟೇ ದೂರ ಎಳೆದುಕೊಂಡು ಹೋಗಿ, ದೋಣಿಯ ತಳ ಒಡೆದರು. ಊರೆಲ್ಲ ನಿಂತು ನೋಡಿತು. ಬಣ್ಣಗಾರ ಜನರ ಹಿಂದೆ ನಿಂತಿದ್ದ. ಅತ್ತರೆ ಯಾರಾದರೂ ಗುರುತು ಹಿಡಿದಾರು ಎಂದು ಅಳಲೂ ಇಲ್ಲ.

ಮನೆಗೆ ಬಂದವನು ಅಂಗಳದಲ್ಲಿದ್ದ ಬಟ್ಟೆಯನ್ನೆಲ್ಲ ತೊಟ್ಟಿಯೊಳಗೆ ತಳ್ಳಿ, ಮೇಲೆ ಕಲ್ಲು ಹೇರಿದ. ಬಟ್ಟೆ ನೀಲಿಯಾಗುವುದನ್ನು ನೋಡಲು ಅವನಿಂದ ಆಗಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಬದುಕಿದ. ಯಾರೂ ಅವನ ತಂಟೆಗೆ ಬರಲಿಲ್ಲ. ಸೆರೆಮನೆಯ ಬೀದಿಯಲ್ಲಿ ಅವನು ನಡೆಯಲಿಲ್ಲ, ಕಡಲಿನ ಕಡೆಗೆ ಹೋಗಲಿಲ್ಲ, ಆ ಮಾರ್ಗದವರು ಎದುರಾದರೆ ಗೋಡೆಗೆ ಮುಖ ಮಾಡುತ್ತಿದ್ದ. ಅವನು ಸತ್ತ ಮೇಲೆ ನೆರೆಯವರು ತೊಟ್ಟಿಯ ಕಲ್ಲು ತೆಗೆದು ಕೈ ಹಾಕಿದರು. ಬಟ್ಟೆ ಎಂದೋ ಕೊಳೆತು ಅಂಬಲಿಯಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ದ್ಯಾಮಣ್ಣ, “ಏನೇ ಆಗಲಿ, ಅವನ ಜೀವ ಉಳಿಸಿದವಳು ಹೆಂಡತಿಯೇ ಅಲ್ಲವೇ ಗುರುಗಳೇ? ಪಾಪ, ಅವಳು ಮುಳುಗಿಹೋದಳು, ಇವನು ಹೇಗೋ ದಡದಲ್ಲಿ ಉಳಿದ” ಎಂದ.

“ಮುಳುಗಿದ್ದು ಇಬ್ಬರೂ ದ್ಯಾಮಣ್ಣ, ಮೇಲೆ ಬಂದದ್ದು ಅವಳೊಬ್ಬಳೇ.”