ಉಸಿರಿದ್ದೂ ಕಣ್ಣು ಬಿಡದ ಕಂಪ್ಯೂಟರು

"ಕೇಳಿರಯ್ಯಾ ಕೇಳಿ! ಹೊನ್ನಗುಡಿ ಸೀಮೆಯ ಅರಸು ವೀರಮಲ್ಲರಾಜರ ಅಪ್ಪಣೆ! ನಮ್ಮ ಮಗಳು ಪುಟ್ಟಾಜಮ್ಮಣ್ಣಿಯವರು ಸ್ವಂತ ಕೈಯಿಂದ ಜೋಡಿಸಿದ ಕಂಪ್ಯೂಟರು ಏಳಲೊಲ್ಲದು. ಅಮ್ಮಣ್ಣಿಯವರು ಅದರ ಬಗ್ಗೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಮದುವೆಗೆ ಅಮ್ಮಣ್ಣಿಯವರನ್ನೇ ಕೇಳಲಿ, ಅರ್ಧ ಸೀಮೆಯನ್ನೇ ಕೇಳಲಿ, ಕೊಡುತ್ತೇವೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ನೇಣು. ಅರಸುಮನೆತನದ ಕೈಯಲ್ಲದೆ ಬೇರೆ ಕೈ ಆ ಯಂತ್ರವನ್ನು ಮುಟ್ಟಕೂಡದು. ಅರಸುಮನೆತನದ ಕೈ ತಪ್ಪಿತೆಂದು ಆಡಿದವನಿಗೂ ಅದೇ ನೇಣು!"

ಡಂಗುರದವನು ಬಾಚಣಿಗೆ ಮಾಡುವವರ ಕೇರಿಗೆ ಎರಡನೆಯ ಸಲ ಬಂದಾಗ ಜವರ ಕೊಂಬಿನ ಬಾಚಣಿಗೆಗೆ ಹಲ್ಲು ಕೊಯ್ಯುತ್ತಿದ್ದ. ಮೊದಲ ಡಂಗುರಕ್ಕೆ ಅವನ ಅಣ್ಣ ಲಕ್ಕಣ್ಣ ಮೀಸೆ ತಿರುವಿ ಎದ್ದು ಹೋಗಿದ್ದ. "ಅರಮನೆ ಅಳಿಯ ಆಗಿ ಬರ್ತೀನಿ, ನೋಡ್ತಿರು" ಎಂದವನು ಈಗ ಕೋಟೆಯ ನೆಲಮಾಳಿಗೆಯಲ್ಲಿ ಬಿದ್ದಿದ್ದ. ಯಂತ್ರಕ್ಕೆ ಕರೆಂಟು ಸಾಲದು ಎಂದಿದ್ದನಂತೆ. ಅಮ್ಮಣ್ಣಿ ಕರೆಂಟಿನ ಪೆಟ್ಟಿಗೆಯನ್ನೇ ಹೊಸದು ಹಾಕಿ ನೋಡಿದರೂ ಅದು ಏಳಲಿಲ್ಲ. ನಾಳೆ ಅಮಾವಾಸ್ಯೆ. ಜವರ ಗರಗಸ ಕೆಳಗಿಟ್ಟು ಎದ್ದ.

ಸಭೆಯಲ್ಲಿ ಅವನಿಗೆ ಕೆಮ್ಮು ಬಂತು. ಕಾವಲಿನವನು ಭುಜ ಹಿಡಿದು ಅದುಮಿದ.

"ಷ್! ಈ ಅರಮನೇಲಿ ರಾಜಕುಮಾರಿ ಲೋಟ ಕೆಳಗಿಟ್ಟರೂ ಸದ್ದಾಗಬಾರದು ಅಂತ ಕಟ್ಟಳೆ. ಹುಟ್ಟಿದಾಗಿನಿಂದ ಹಾಗೇ ಬೆಳೆಸಿದ್ದಾರೆ. ನೀನ್ಯಾವನಯ್ಯ ಕೆಮ್ಮೋಕೆ?"

ಯಂತ್ರ ಮಣೆಯ ಮೇಲೆ ಒಂದು ಮಗ್ಗುಲು ತೆರೆದುಕೊಂಡು ನಿಂತಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಪರದೆ ಮಾತ್ರ ಕಪ್ಪು.

ನೆರೆರಾಜ್ಯದ ರಾಜಕುಮಾರನೊಬ್ಬ ಮುಂದೆ ಬಂದ. ಅಮ್ಮಣ್ಣಿ ಕೇಳಿದರು: "ಇದು ಉಸಿರಾಡುತ್ತದೆ, ಕಣ್ಣು ಬಿಡುವುದಿಲ್ಲ. ಸತ್ತಿದೆಯೋ, ಬದುಕಿದೆಯೋ?"

"ಸತ್ತಿದೆ. ಒಳಗೆ ಆಡುತ್ತಿರುವುದು ಬರೀ ಗಾಳಿ" ಎಂದ ರಾಜಕುಮಾರ.

ಅವನ ಬಾಯಿ ಮುಚ್ಚುವುದರೊಳಗೆ ಯಂತ್ರ ಮೂರು ಸಲ ಕೀಂ ಎಂದು ಕೂಗಿತು. ಕಾವಲಿನವರು ಅವನನ್ನು ಕರೆದೊಯ್ದರು.

ಅವನ ಹಿಂದಿದ್ದವನು ವಿದ್ಯಾವಂತ, ಮಂತ್ರಿಯ ಮಗ. ಬದುಕಿದೆ ಎಂದು ಮೊದಲನೆಯದನ್ನು ಗೆದ್ದ. ಅಮ್ಮಣ್ಣಿ ಎರಡನೆಯದನ್ನು ಕೇಳಿದರು: "ಅದು ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಕೂಗಿ ಏನನ್ನು ಬೇಡುತ್ತಿದೆ?"

"ಮೆಮೊರಿಯನ್ನು. ಈಗಿರುವುದು ಕೆಟ್ಟಿದೆ, ಹೊಸದು ಹಾಕಿ."

ಅಮ್ಮಣ್ಣಿ ಸ್ವಿಚ್ಚು ಆರಿಸಿದರು. ಮೆಮೊರಿಯ ಹಳೆಯ ಪಟ್ಟಿ ತೆಗೆದು, ಹೊಸದನ್ನು ಎರಡು ಬೆರಳಲ್ಲಿ ಹಿಡಿದು, ದೇವರಿಗೆ ಹೂವಿಡುವಂತೆ ಕಂಡಿಯಲ್ಲಿ ಇಟ್ಟರು. ಎಳ್ಳಷ್ಟೂ ಸದ್ದಾಗಲಿಲ್ಲ. ಸ್ವಿಚ್ಚು ಹಾಕಿದರೆ ಮತ್ತೆ ಅದೇ ಮೂರು ಕೂಗು.

"ಹೀಗಾಗಲಾರದು! ಸರಿಯಾಗಿಯೇ ಹೇಳಿದ್ದೇನೆ!" ಎಂದು ಮಂತ್ರಿಯ ಮಗ ಅರಚುತ್ತಿದ್ದಂತೆಯೇ ಅವನನ್ನೂ ಎಳೆದೊಯ್ದರು. ಮಂತ್ರಿ ತಲೆ ಎತ್ತಲಿಲ್ಲ.

ಜವರನ ಕಣ್ಣು ಆ ಪಟ್ಟಿಯ ಮೇಲೆಯೇ ಇತ್ತು. ಅದರ ಅಂಚಿಗೆ ಬಾಚಣಿಗೆಯಂತೆ ಚಿನ್ನದ ಹಲ್ಲುಗಳು. ಒಂದು ತುದಿಯಲ್ಲಿ ಅವು ಕಂಡಿಯ ಮೇಲೆ ಇನ್ನೂ ಮಿನುಗುತ್ತಿದ್ದವು.

"ನೀನು ಯಾರು?" ಎಂದರು ಅರಸರು.

"ಬಾಚಣಿಗೆ ಮಾಡೋನು ಬುದ್ಧಿ. ನೆಲಮಾಳಿಗೇಲಿರೋ ಲಕ್ಕಣ್ಣನ ತಮ್ಮ."

"ಅವನಿಗೆ ಜೊತೆ ಬೇಕಾಯಿತೇನೋ" ಎಂದು ಯಾರೋ ಗೊಣಗಿದರು. ಜವರ ಆ ಕಡೆ ನೋಡಲಿಲ್ಲ.

"ಬದುಕಿದೆ ಅಮ್ಮಣ್ಣಿ. ಸತ್ತದ್ದು ಕೂಗಲ್ಲ. ಬೇಡ್ತಿರೋದು ಮೆಮೊರೀನೇ, ಮಂತ್ರಿಗಳ ಮಗ ಅಷ್ಟನ್ನ ಸರಿಯಾಗೇ ಹೇಳಿದರು. ಆದರೆ ಅದು ಕೆಟ್ಟಿಲ್ಲ. ಬಾಗಿಲವರೆಗೆ ಬಂದಿದೆ, ಒಳಕ್ಕೆ ಹೋಗಿಲ್ಲ."

ಅಮ್ಮಣ್ಣಿ ಅವನನ್ನು ದಿಟ್ಟಿಸಿ ನೋಡಿದರು. "ಹಾಗಾದರೆ ಮೂರನೆಯದು. ಇದರ ಉತ್ತರ ನನಗೂ ತಿಳಿಯದು, ಯಂತ್ರವೇ ತೀರ್ಪು ಹೇಳಲಿ. ಕರೆಂಟಿನ ಪೆಟ್ಟಿಗೆ ಬದಲಾಯಿಸಿದೆ, ಮೆಮೊರಿ ಬದಲಾಯಿಸಿದೆ, ತಂತಿಗಳನ್ನೂ ಬದಲಾಯಿಸಿದೆ. ದೋಷ ಹೋಗಲಿಲ್ಲ. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದಿರುವುದು ಯಾವುದು?"

ಜವರನಿಗೆ ಉತ್ತರ ತಿಳಿದಿತ್ತು, ಆಡಿದರೆ ನೇಣು. ತಪ್ಪನ್ನು ಬಿಡಿಭಾಗ ಮಾರಿದ ಅಂಗಡಿಯವನ ಮೇಲೆ ಹಾಕಬಹುದಿತ್ತು, ಗ್ರಹಚಾರದ ಮೇಲೆ ಹಾಕಬಹುದಿತ್ತು. ಹಾಕಿದರೆ ಅದು ಸುಳ್ಳು. ಸುಳ್ಳು ಉತ್ತರಕ್ಕೆ ಅಣ್ಣ ಬದುಕುವುದಿಲ್ಲ.

"ನಿಮ್ಮ ಕೈ, ಅಮ್ಮಣ್ಣಿ."

ದಳವಾಯಿ ಕತ್ತಿಗೆ ಕೈ ಹಾಕಿದ. "ನಾಲಿಗೆ ಬಿಗಿಹಿಡಿ! ಯಾರಿಗೆ ಏನು ಆಡಿದೆ ಗೊತ್ತೇನೋ?"

"ಗೊತ್ತು ಸ್ವಾಮಿ. ಕೇಳಿದ್ದಕ್ಕೆ ಹೇಳಿದೆ. ಅಮ್ಮಣ್ಣಿಯೋರು ಸದ್ದಾಗದ ಹಾಗೆ ಇಡ್ತಾರೆ. ಅದು ಸದ್ದು ಮಾಡದೆ ಕೂರೋ ವಸ್ತುವಲ್ಲ. ಸ್ವಿಚ್ಚು ಆರಿಸಿ, ಎರಡೂ ಹೆಬ್ಬೆರಳು ಇಟ್ಟು, ಟಕ್ ಅನ್ನೋವರೆಗೂ ಒತ್ತಬೇಕು."

"ಬೇಡ, ಅಮ್ಮಣ್ಣಿ!" ಎಂದರು ಅರಸರು. "ಅರಮನೆಯ ಹೆಣ್ಣುಮಕ್ಕಳು ಹಾಗೆ—"

ಅಮ್ಮಣ್ಣಿ ಆಗಲೇ ಸ್ವಿಚ್ಚು ಆರಿಸಿದ್ದರು. ಹೆಬ್ಬೆರಳುಗಳು ಬೆಳ್ಳಗಾಗುವಂತೆ ಒತ್ತಿದರು. ಒಂದು ತುದಿ ಟಕ್ ಎಂದಿತು. ಇನ್ನೊಂದು ತುದಿಯೂ ಟಕ್ ಎಂದಿತು. ಆ ನೀರವ ಸಭೆಯಲ್ಲಿ ಕೊಡಲಿ ಏಟು ಬಿದ್ದಂತೆ ಕೇಳಿಸಿತು. ಸ್ವಿಚ್ಚು ಹಾಕಿದರು. ಯಂತ್ರ ಒಂದೇ ಒಂದು ಸಲ ಕೂಗಿ, ಕಣ್ಣು ಬಿಟ್ಟಿತು.

ಒಗಟು ಬಿಡಿಸಿದವನಿಗೆ ಬಹುಮಾನ ಕೊಡಬೇಕೋ, ಅರಸುಕೈಯನ್ನು ತಪ್ಪೆಂದವನಿಗೆ ನೇಣು ಹಾಕಬೇಕೋ, ಅರಸರಿಗೇ ತೋಚಲಿಲ್ಲ.

"ಅಪ್ಪಾಜಿ," ಎಂದರು ಅಮ್ಮಣ್ಣಿ, "ತಪ್ಪು ನನ್ನದು. ಅವನು ಹೇಳಿದ್ದಲ್ಲ, ನಾನು ಹೇಳುತ್ತಿದ್ದೇನೆ. ಈ ಮಾತಿಗೆ ನೇಣಾದರೆ ಮೊದಲು ನನಗೆ."

ಕತ್ತಿಯಿಂದ ಕೈ ತೆಗೆಯುವಂತೆ ಅರಸರು ದಳವಾಯಿಗೆ ಸನ್ನೆ ಮಾಡಿದರು. ಜವರನಿಗೆ, "ಏನು ಬೇಕೋ ಕೇಳು" ಎಂದರು.

"ಅಣ್ಣನ್ನ ಕೊಡಿ ಬುದ್ಧಿ. ಅವನೊಬ್ಬನೇ ಅಲ್ಲ, ಅಲ್ಲಿರೋ ಎಲ್ಲರನ್ನೂ ಬಿಡಿ. ತಪ್ಪು ಹೇಳಿದ್ದು ಅವರ ತಪ್ಪೇ ಇರಬಹುದು. ಮುಟ್ಟಿ ನೋಡೋಕೆ ಬಿಡದೆ ಕೇಳಿದ ಪ್ರಶ್ನೆಗೆ ಯಾರ ಕತ್ತೂ ಹೋಗಬಾರದು."

ನೆಲಮಾಳಿಗೆಯ ಬಾಗಿಲು ತೆರೆಯಿತು. ಮಂತ್ರಿ ಓಡಿಹೋಗಿ ಮಗನನ್ನು ಅಪ್ಪಿಕೊಂಡ. ಲಕ್ಕಣ್ಣ ಬೆಳಕಿಗೆ ಕಣ್ಣು ಕಿರಿದು ಮಾಡಿ ತಮ್ಮನನ್ನು ಹುಡುಕಿದ, ನಡೆದದ್ದನ್ನೆಲ್ಲ ಕೇಳಿದ.

"ಅರ್ಧ ಸೀಮೆ ಕೇಳಬಹುದಿತ್ತಲ್ಲೋ, ದಡ್ಡ!"

"ನಿನ್ನನ್ನೇ ಕೇಳಿದೆ" ಎಂದ ಜವರ.

ಲಕ್ಕಣ್ಣ ತಮ್ಮನ ಹೆಗಲು ಹಿಡಿದು ನಡೆದ. ಅವರು ತಮ್ಮ ಕೇರಿ ಸೇರಿದರು. ಕತೆ ಕೇಳಿದವರು ತಮ್ಮ ತಮ್ಮ ಕೆಲಸಕ್ಕೆ ಏಳಬಹುದು.