ಒಲ್ಲೆವ್ವನ ದಿನ್ನಿ

ಡೋಣಿ ಹೊಳೆಸಾಲಿನ ಎರೆಹೊಲಗಳನ್ನು ದಾಟಿ ಬಂದವರಿಗೆ ನಮ್ಮೂರ ಬಡಗಣ ದಿನ್ನಿ ಕಣ್ಣಿಗೆ ಹಿಡಿಸುವುದಿಲ್ಲ. ಗರಸುಕಲ್ಲು, ಸುಡುಬಿಸಿಲು, ಹಗಲೆಲ್ಲ ಬೀಸುವ ಒಣಗಾಳಿ. ನಡುವೆ ಗಿಡ್ಡ ದ್ರಾಕ್ಷಿ ಬಳ್ಳಿಗಳು. ಹಣ್ಣು ಬಟಾಣಿಯಷ್ಟು, ಸಿಪ್ಪೆ ದಪ್ಪ. ತಿನ್ನುವವರಿಗೆ ಅದು ಬೇಡ. ಆದರೆ ಅದರ ಮದ್ಯ ಕುಡಿದವರು ಇನ್ನೊಂದನ್ನು ಹೊಗಳಿದ್ದನ್ನು ನಾನಂತೂ ಕೇಳಿಲ್ಲ.

ಹಿಂದೆ ಒಮ್ಮೆ, ಊರು ದೇಸಾಯಿ ಬಸವಂತರಾಯನ ಕೈಯಲ್ಲಿದ್ದಾಗ, ಗಂಡ ಸತ್ತ ತೋಟಗಿತ್ತಿಯೊಬ್ಬಳು ಈ ಬಳ್ಳಿಗಳನ್ನೇ ನಂಬಿ ಬದುಕಿದ್ದಳು ಎನ್ನುತ್ತಾರೆ. ಹಣ್ಣಿಗೆ ಬಣ್ಣ ಬಂದಮೇಲೆ ಆಕೆ ಬಳ್ಳಿಗೆ ಹನಿ ನೀರೂ ಕೊಡುತ್ತಿರಲಿಲ್ಲ. ಬಾಯಾರಿದ ಬೇರು ಕಲ್ಲಿನ ಸಂದಿಗೆ ಇಳಿಯುತ್ತಿತ್ತು, ಹಣ್ಣಿನ ರಸ ಗಟ್ಟಿಯಾಗುತ್ತಿತ್ತು. ಅಂಥ ಮದ್ಯ ತನ್ನ ತೋಟದಲ್ಲೇ ಆಗಬೇಕೆಂದು ದೇಸಾಯಿಗೆ ಆಸೆ. ಆಕೆಯ ಬಳ್ಳಿಯ ತುಂಡುಗಳನ್ನು ಒಯ್ದು ಹೊಳೆದಂಡೆಯ ಎರೆಮಣ್ಣಿನಲ್ಲಿ ನೆಡಿಸಿದ. ಧಣಿಯ ಬಳ್ಳಿ ಬಾಯಾರಬಾರದೆಂದು ಆಳುಗಳು ನೀರು ಸುರಿದರು, ಗೊಬ್ಬರ ಪೇರಿಸಿದರು. ಗೊನೆಗಳೇನೋ ತೂಗಾಡಿದವು, ಮದ್ಯ ಮಾತ್ರ ನೀರುಮಜ್ಜಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೇಸಾಯಿ ತೋಟಗಿತ್ತಿಯೇ ಮೋಸ ಮಾಡಿದಳೆಂದ. ದಿನ್ನಿ ಬಿಟ್ಟು ಬಂದು ತನ್ನ ತೋಟ ನೋಡಿಕೊಳ್ಳಬೇಕು, ಇಲ್ಲದಿದ್ದರೆ ದಿನ್ನಿಯ ಮೇಲೆ ಒಂದು ಬಳ್ಳಿಯೂ ಉಳಿಯದು ಎಂದು ಅಪ್ಪಣೆ ಕೊಡಿಸಿದ. ಆಕೆ ವಾಡೆಯ ಮುಂದೆ ನಿಂತು ಉತ್ತರ ಕೊಟ್ಟಳು.

“ಒಲ್ಲೆರೀ ಧಣಿ. ನಿಮ್ಮ ಎರಿ ಭೂಮಿ ಜ್ವಾಳದ ತಾಯಿ, ಅದಕ್ಕ ಕೈ ಮುಗೀತೀನಿ. ನಾ ಏನೋ ಬಂದೇನು. ಆ ಕಲ್ಲು, ಆ ಗಾಳಿ ನನ್ನ ಹಿಂದ ಬರ್ತಾವೇನು?”

ಸುಗ್ಗಿ ಮುಗಿದ ಬೇಸಿಗೆಯಲ್ಲಿ ದೇಸಾಯಿಯ ಆಳುಗಳು ಕುಡುಗೋಲು ಹಿಡಿದು ಬಂದರು. ಒಂದು ಬಳ್ಳಿ ಬಿಡದೆ ಮೋಟು ಮಾಡಿದರು. ಬೇರು ಕೀಳಲು ಹೋದರೆ ಹಾರೆ ಕಲ್ಲಿಗೆ ಬಡಿದು ಅಂಗೈಯಲ್ಲಿ ಬೊಬ್ಬೆಗಳೆದ್ದವು. ಇಷ್ಟು ಸಾಕೆಂದು ಇಳಿದುಹೋದರು. ಊರು ಮರುಗಿತು. ಆಕೆ ಮಾತ್ರ ಸೆರಗು ಸಿಕ್ಕಿಸಿ, ಬಿದ್ದ ಕಡ್ಡಿಗಳನ್ನು ಒಲೆಗೆಂದು ಹೊರೆ ಕಟ್ಟುತ್ತಿದ್ದಳು. ಹಣ್ಣು ಇಳಿದಮೇಲೆ ಬಳ್ಳಿಯನ್ನು ಹೀಗೆಯೇ ಸವರಬೇಕು, ಅದಕ್ಕೆ ಚಾಟಣಿ ಎನ್ನುತ್ತಾರೆ. ಪ್ರತಿ ಬೇಸಿಗೆ ಆಕೆ ಒಬ್ಬಳೇ ಬೆನ್ನು ಬಾಗಿಸಿ ಮಾಡುತ್ತಿದ್ದ ಕೆಲಸವದು. ಜೋಳ ಬಿತ್ತಿ ಬೆಳೆದ ಆ ಆಳುಗಳಿಗೆ ಇದೆಲ್ಲಿ ಗೊತ್ತು! ಕೆಲವೇ ವಾರಗಳಲ್ಲಿ ಮೋಟುಮೋಟಿಗೂ ಚಿಗುರೊಡೆಯಿತು. ನೋಡಲು ಸ್ವತಃ ದೇಸಾಯಿಯೇ ಬಂದಾಗ ಆಕೆ ಕೈ ಮುಗಿದು, “ಬರೂ ವರ್ಷನೂ ಕಳಸ್ರಿ ಧಣಿ, ಆಳುಗೋಳು ಭಾಳ ಚೊಲೊ ಅದಾರ,” ಎಂದಳಂತೆ. ಅವನು ಮತ್ತೆ ಆ ಕಡೆ ಹಾಯಲಿಲ್ಲ. ಆಕೆಯ ಹುಟ್ಟುಹೆಸರು ಯಾರಿಗೂ ನೆನಪಿಲ್ಲ, ಒಲ್ಲೆವ್ವ ಎಂಬುದೇ ಉಳಿಯಿತು.

ಈಗಲೂ ಬೇಸಿಗೆಯಲ್ಲಿ ಬಂದವರು ಹೆಂಗಸರು ಬಳ್ಳಿಗಳನ್ನು ಮೋಟು ಮಾಡುವುದನ್ನು ಕಂಡು ಗಾಬರಿಯಾಗುತ್ತಾರೆ, ಹಾಳು ಮಾಡುತ್ತಿದ್ದೀರಲ್ಲ ಎನ್ನುತ್ತಾರೆ. ದೇಸಾಯರ ವಂಶ ಅಳಿದು ಎಷ್ಟೋ ಕಾಲವಾಯಿತು. ಆದರೂ ನಮ್ಮ ಹೆಂಗಸರು ತಲೆಯೆತ್ತದೆ ಹೇಳುವುದು ಒಂದೇ ಮಾತು: “ದೇಸಾಯರು ಕಳಿಸ್ಯಾರ್ರಿ.”