ಪಾತ್ರೆ ವ್ಯಾಪಾರಿಯ ಫೈವ್ ನೈನ್

ಅಂದಾನಪ್ಪ ಮಾಸ್ತರರಿಗೆ ಒಂದು ಅಭ್ಯಾಸವಿತ್ತು. ರೇಡಿಯೊ ಸೆಟ್ಟಿನಲ್ಲಿ ಎದುರಿನವರ ಮಾತು ಮುಗಿದ ಕೂಡಲೇ ಅವರು ಉತ್ತರ ಕೊಡುತ್ತಿರಲಿಲ್ಲ. ಕೇಳಿದ ಮಾತಿನ ಕೊನೆಯ ಎರಡು ಪದಗಳನ್ನು ತಮ್ಮಷ್ಟಕ್ಕೆ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಆ ಎರಡು ಪದ ಬಾಯಿಗೆ ಬಾರದಿದ್ದರೆ ಬಟನ್ ಒತ್ತಿ, "ಕೇಳಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನುತ್ತಿದ್ದರು. ಎದುರಿನವರು ಎಷ್ಟೇ ದೊಡ್ಡವರಾಗಿದ್ದರೂ ಹಾಗೆಯೇ ಎನ್ನುತ್ತಿದ್ದರು.

ಅವರು ಪೊಲೀಸ್ ವೈರ್‌ಲೆಸ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಹವ್ಯಾಸಿ ರೇಡಿಯೊ ಕಲಿಯುವವರಿಗೆ ಪಾಠ ಹೇಳುತ್ತಿದ್ದರು. ಸಂಜೋತಾ ಅವರ ಹೊಸ ಶಿಷ್ಯೆ. ಲೈಸೆನ್ಸ್ ಬಂದು ತಿಂಗಳಾಗಿತ್ತು. ಕೈಯಲ್ಲಿ ಹಿಡಿಯುವ ಡಿಜಿಟಲ್ ಸೆಟ್ ಕೊಂಡು ಎಂಟು ದಿನವಾಗಿತ್ತು. ಆ ಭಾನುವಾರ ವಿಜಯಪುರದ ಹಿರಿಯರೊಬ್ಬರು ಅವಳೊಡನೆ ಮಾತಾಡಿದರು. ಅವರ ಮಾತು ತುಂಡು ತುಂಡಾಗಿ, ಕೊಡದೊಳಗೆ ನೀರು ಗುಳುಗುಳು ಎಂದ ಹಾಗೆ ಬಂತು. ಒಂದು ಪದವೂ ತಿಳಿಯಲಿಲ್ಲ. ಅವಳು "ಫೈವ್ ನೈನ್ ಸರ್, ಧನ್ಯವಾದ" ಎಂದು ಸೆಟ್ ಕೆಳಗಿಟ್ಟಳು.

"ಏನಂದರು ಅವರು?" ಎಂದು ಮಾಸ್ತರರು ಕೇಳಿದರು.

"ಗೊತ್ತಾಗಲಿಲ್ಲ ಮಾಸ್ತರ್."

"ಮತ್ತೆ ಫೈವ್ ನೈನ್, ಪೂರ್ತಿ ಕೇಳಿತು, ಅಂದೆಯಲ್ಲ?"

ಸಂಜೋತಾ ತಲೆ ತಗ್ಗಿಸಿದಳು. ಹಾಗೆಯೇ ಕೇಳಿದಳು: "ಎಲ್ಲರೂ ಹಾಗೇ ಅಂತಾರಲ್ಲ ಮಾಸ್ತರ್? ದೊಡ್ಡವರಿಗೆ ಮತ್ತೆ ಮತ್ತೆ ಹೇಳಿ ಅನ್ನಲು ನನಗೆ ಸಂಕೋಚ. ಕೇಳದಿದ್ದರೂ ಕೇಳಿತು ಅಂದರೆ ಯಾರಿಗೇನು ನಷ್ಟ?"

ಮಾಸ್ತರರು ತಮ್ಮ ಸೆಟ್ ಆಫ್ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅದೇ ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ.

ಗಡಿಯಾರದವನು ಹಳೆಯ ಹವ್ಯಾಸಿ. ಊರಿನಲ್ಲಿ ಅಂಥವರು ಒಟ್ಟು ಹತ್ತು ಮಂದಿ. ಊರ ಹೊರಗಿನ ಗುಡ್ಡದ ಮೇಲೆ ಒಂದು ಕಲ್ಲಿನ ಕೋಣೆ, ಅದರ ಪಕ್ಕಕ್ಕೆ ಒಂದು ಕಬ್ಬಿಣದ ಕಂಬ. ಕೋಣೆಯೊಳಗೆ ಅವರೆಲ್ಲರ ರಿಪೀಟರ್. ಸಣ್ಣ ಸೆಟ್ಟಿನ ಮಾತನ್ನು ಹಿಡಿದು ದೂರಕ್ಕೆ ಎಸೆಯುವ ಪೆಟ್ಟಿಗೆ ಅದು. ತಿಂಗಳಿಗೊಮ್ಮೆ ಯಾರಾದರೊಬ್ಬರು ಹತ್ತಿ ಬ್ಯಾಟರಿಗೆ ನೀರು ಹಾಕಿ, ಕಂಬಕ್ಕೆ ಏಣಿ ಇಟ್ಟು ಮೇಲಿನ ಆಂಟೆನಾ ನೋಡಿ ಬರಬೇಕಿತ್ತು.

ಗುಡ್ಡದ ಮೇಲೆ ಮೊಬೈಲ್ ಸಿಗ್ನಲ್ ಇರಲಿಲ್ಲ. ಅದಕ್ಕಾಗಿ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬ ಮೇಲೆ ಹೋದರೆ ಇನ್ನೊಬ್ಬ ಕೆಳಗೆ ಸೆಟ್ ಹಚ್ಚಿಕೊಂಡು ಕೂರಬೇಕು. ಅದನ್ನು ಕಾವಲು ಎನ್ನುತ್ತಿದ್ದರು. ಕಾವಲಿನವನಿಗೆ ಒಂದೇ ಕೆಲಸ, ಕೇಳುವುದು. ಮೇಲಿನವನು ತೊಂದರೆ ಎಂದರೆ ಹಗ್ಗ ಹಿಡಿದು ನಾಲ್ಕು ಜನ ಓಡಬೇಕು. ಒಬ್ಬ ಕಾವಲು ಕೂತನೆಂದರೆ ಉಳಿದವರು ಸೆಟ್ ಆಫ್ ಮಾಡಿ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಪಾತ್ರೆ ವ್ಯಾಪಾರಿಗೆ ಐವತ್ತು ತುಂಬಿದ ಮೇಲೆ ಈ ಹವ್ಯಾಸ ಹತ್ತಿತು. ಪರೀಕ್ಷೆ ಪಾಸಾದ ದಿನ ಪೇಟೆಗೆಲ್ಲ ಪೇಡೆ ಹಂಚಿದ. ಡಿಜಿಟಲ್ ಸೆಟ್ ತರಿಸಿದ. ಅದನ್ನು ಗಡಿಯಾರದವನ ಮುಂದಿಟ್ಟು, "ಅಣ್ಣಾ, ಕಲಿಸಿಕೊಡ್ರಿ" ಎಂದ.

ಗಡಿಯಾರದವನು ಹೇಳಿದ: "ಇದಕ್ಕ ಎರಡು ಪಟ್ಟಿ ಅದಾವ, ಸಾವ್ಕಾರ್ರ. ಯಾವ ಗುಂಪಿನ್ಯಾಗ ನೀವು ಮಾತಾಡಬೇಕು ಅನ್ನೋದು ಒಂದು. ಯಾವ ಗುಂಪಿನ ಮಾತು ನಿಮಗ ಕೇಳಬೇಕು ಅನ್ನೋದು ಇನ್ನೊಂದು. ಮೊದಲನೇದು ತಪ್ಪಿದ್ರ ಮಂದಿ ಹೇಳ್ತಾರ. ಎರಡನೇದು ತಪ್ಪಿದ್ರ ಯಾರೂ ಹೇಳಂಗಿಲ್ಲ. ಯಾರ ಮಾತು ಬಂದ್ರೂ ಈ ಹಸಿರು ದೀಪ ಹತ್ತತದ. ಪಟ್ಟಿಯೊಳಗ ಇಲ್ಲಂದ್ರ ದನಿ ಬರಂಗಿಲ್ಲ, ಅಷ್ಟ."

ಒಂದೊಂದು ಚಾನೆಲನ್ನೂ ಕೈಯಾರೆ ತುಂಬಿಸಬೇಕು ಎಂದ. ಮೂರು ದಿನದಲ್ಲಿ ಎರಡು ಚಾನೆಲ್ ಆದವು.

ನಾಲ್ಕನೆಯ ದಿನ ವ್ಯಾಪಾರಿ ಪಾಠಕ್ಕೆ ಹೋಗಲಿಲ್ಲ. ಫೋನಿನಲ್ಲಿ ಪರಿಚಯವಾದ ಬೇರೆ ಊರಿನವನೊಬ್ಬ ತನ್ನ ಸೆಟ್ಟಿನ ಫೈಲನ್ನೇ ಕಳಿಸಿಕೊಟ್ಟಿದ್ದ. ಅದರಲ್ಲಿ ನಾನೂರು ಚಾನೆಲ್. ಐದು ನಿಮಿಷದಲ್ಲಿ ಎಲ್ಲವೂ ಸೆಟ್ಟಿನೊಳಗೆ ಇಳಿಯಿತು, ಮೊದಲು ತುಂಬಿಸಿದ ಎರಡು ಅಳಿಸಿಹೋದವು. ತನ್ನ ಊರಿನ ಗುಂಪು ಮಾತ್ರ ಅದರಲ್ಲಿರಲಿಲ್ಲ. ಕಲಿತಷ್ಟರಲ್ಲಿ ಅದೊಂದನ್ನು ತಾನೇ ಸೇರಿಸಿದ. ಮಾತಾಡುವ ಪಟ್ಟಿಗೆ ಸೇರಿಸಿದ. ಕೇಳುವ ಪಟ್ಟಿಗೆ ಸೇರಿಸಲಿಲ್ಲ.

ಸೆಟ್ಟಿನ ಮಾತನ್ನು ಇಂಟರ್ನೆಟ್ಟಿಗೆ ದಾಟಿಸುವ ಸಣ್ಣ ಡಬ್ಬಿಯೊಂದನ್ನು ಮನೆಯಲ್ಲಿ ಜೋಡಿಸಿಕೊಂಡು ಆ ವಾರವೇ ಜಪಾನಿನವನೊಬ್ಬನ ಜೊತೆ ಮಾತಾಡಿದ. ಪಕ್ಕದ ಬಟ್ಟೆ ಅಂಗಡಿಯವನು ಕೆಣಕಿದ: "ಏನ್ರೀ ಸಾವ್ಕಾರ್ರ, ಜಪಾನಿನವರು ಕುಕ್ಕರ್ ತಗೊಂಡ್ರೇನು?"

"ತಗೋತಾರಂತ. ನಮ್ಮ ಕುಕ್ಕರಿನ ಸೀಟಿ ಅವರಿಗೆ ಫೈವ್ ನೈನ್ ಕೇಳಸ್ತದಂತ!"

ಫೈವ್ ನೈನ್ ಎಂದರೇನು ಎಂದು ನಿನಗೆ ಗೊತ್ತು. ಐದು ಎಂದರೆ ಮಾತು ಪೂರ್ತಿ ತಿಳಿಯಿತು. ಒಂಬತ್ತು ಎಂದರೆ ಸಿಗ್ನಲ್ ಬಲವಾಗಿದೆ. ಕೇಳಿದವನು ಹೇಳಿದವನಿಗೆ ಕೊಡುವ ಅಂಕ ಅದು. ನಮ್ಮ ಜನ ಅದನ್ನು ನಮಸ್ಕಾರದ ಹಾಗೆ ಬಳಸುತ್ತಾರೆ. ವ್ಯಾಪಾರಿ ಮೊದಲು ಕಲಿತದ್ದೇ ಅದು. ಅಂಗಡಿಗೆ ಬಂದ ಗಿರಾಕಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಬಾಯಿ ಅವನದು.

ಒಂದು ಬೆಳಿಗ್ಗೆ ಗಡಿಯಾರದವನು ತನ್ನ ಅಂಗಡಿಯಿಂದ ಅವನನ್ನು ಊರಿನ ಗುಂಪಿನಲ್ಲಿ ಕರೆದ. ವ್ಯಾಪಾರಿಯ ಸೆಟ್ಟಿನಲ್ಲಿ ಹಸಿರು ದೀಪ ಹತ್ತಿತು. ದನಿ ಬರಲಿಲ್ಲ.

ತಪ್ಪು ಎಲ್ಲಿದೆ ಎಂದು ಅವನಿಗೆ ಅರ್ಧ ಗೊತ್ತಿತ್ತು. ಬಾಯಿಬಿಟ್ಟರೆ ಫೈಲಿನ ವಿಷಯ ಹೊರಗೆ ಬರುತ್ತದೆ. ಪೇಡೆ ಹಂಚಿದವನು ಎಲ್ಲರ ಕಣ್ಣೆದುರು ಮತ್ತೆ ಮೊದಲನೆಯ ಪಾಠಕ್ಕೆ ಕೂರಬೇಕಾಗುತ್ತದೆ. ಅವನು ದೀಪ ಆರುವ ತನಕ ಕಾದ. ಬಟನ್ ಒತ್ತಿದ. "ಫೈವ್ ನೈನ್. ಆಗಲಿ ಅಣ್ಣಾ" ಎಂದ.

ಅವನ ದನಿ ಗಡಿಯಾರದವನಿಗೆ ಗಂಟೆ ಬಾರಿಸಿದ ಹಾಗೆ ಕೇಳಿತು. ಸಾವ್ಕಾರ್ರು ಕಲಿತರು ಎಂದು ಅವನಿಗೆ ಸಂತೋಷವಾಯಿತು.

ಹೀಗೆ ಇಪ್ಪತ್ತು ದಿನ ನಡೆಯಿತು. ದೀಪ ಹತ್ತುವುದು, ದೀಪ ಆರುವುದು, ಫೈವ್ ನೈನ್, ಆಗಲಿ ಅಣ್ಣಾ. ಸಂಜೆ ಚಹಾದ ನೆಪದಲ್ಲಿ ವ್ಯಾಪಾರಿ ಗಡಿಯಾರದ ಅಂಗಡಿಗೆ ಹೋಗುತ್ತಿದ್ದ. ಬೆಳಿಗ್ಗೆ ಏನು ಮಾತಾಯಿತು ಎಂಬುದನ್ನು ಮಾತಿನಲ್ಲೇ ಹೊರಡಿಸಿಕೊಂಡು ಬರುತ್ತಿದ್ದ. ನಾಳೆ ಸರಿಮಾಡಿಕೊಂಡರಾಯಿತು ಎಂದುಕೊಳ್ಳುತ್ತಿದ್ದ. ಕೆಲಸ ಹತ್ತು ನಿಮಿಷದ್ದು. ಆದರೆ ಹೇಗೆ ಎಂದು ಕೇಳಬೇಕಾದದ್ದು ಗಡಿಯಾರದವನನ್ನೇ.

ತಿಂಗಳು ತುಂಬಿತು. ಗುಡ್ಡ ಹತ್ತುವ ಸರದಿ ಗಡಿಯಾರದವನದು. ಅವನು ಎಲ್ಲರಿಗೂ ಹೇಳಿದ: "ಈ ಸಲ ಕಾವಲು ಸಾವ್ಕಾರ್ರು ಕೂಡಲಿ. ತಯಾರಾಗ್ಯಾರ."

ಹಿಂದಿನ ದಿನ ಪಾತ್ರೆ ಅಂಗಡಿಗೂ ಬಂದ. "ಏನಾದರೂ ತೊಡಕಿದ್ರ ಈಗ ಹೇಳ್ರಿ, ಸಾವ್ಕಾರ್ರ. ಇವತ್ತು ನೋಡೋಣು. ಬೇಕಾದ್ರ ಮುಂದಿನ ವಾರ ಹತ್ತತೀನಿ, ಅವಸರ ಇಲ್ಲ."

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಬಟ್ಟೆ ಅಂಗಡಿಯವನೂ ಬಾಗಿಲಲ್ಲಿ ನಿಂತಿದ್ದ. ವ್ಯಾಪಾರಿ ನಕ್ಕು, "ಎಂಥಾ ತೊಡಕು ಅಣ್ಣಾ? ಫೈವ್ ನೈನ್!" ಎಂದ.

ಮರುದಿನ ಗಡಿಯಾರದವನ ಹೆಂಡತಿ ರೊಟ್ಟಿ ಕಟ್ಟಿಕೊಡುತ್ತ ಕೇಳಿದಳು: "ಕಾವಲು ಯಾರು?"

"ಪಾತ್ರೆ ಅಂಗಡಿ ಸಾವ್ಕಾರ್ರು."

"ಅವರಿನ್ನೂ ಹೊಸಬರಲ್ಲೇನ್ರಿ?"

"ಹೊಸಬರ ಛಲೋ ಕೇಳ್ತಾರ. ಹಳಬರಿಗೆ ಮಾತಾಡೋ ಚಟ" ಎಂದು ಅವನು ಹೊರಟ.

ಹತ್ತು ಗಂಟೆಗೆ ವ್ಯಾಪಾರಿಯ ಸೆಟ್ಟಿನಲ್ಲಿ ದೀಪ ಹತ್ತಿ ಆರಿತು. ಮೇಲೆ ಮುಟ್ಟಿದ್ದಾನೆ ಎಂದುಕೊಂಡ. "ಫೈವ್ ನೈನ್. ಆಗಲಿ ಅಣ್ಣಾ" ಎಂದ.

ಹನ್ನೊಂದಕ್ಕೆ ದೀಪ ಮತ್ತೆ ಹತ್ತಿತು. ಈ ಸಲ ಬಹಳ ಹೊತ್ತು ಹತ್ತಿಕೊಂಡೇ ಇತ್ತು. ನಡುವೆ ಆರಿತು, ಮತ್ತೆ ಹತ್ತಿತು. ವ್ಯಾಪಾರಿಯ ಮುಂದೆ ಮದುವೆಯ ಹಂಡೆ ಕೊಳ್ಳಲು ಬಂದವರು ಕೂತಿದ್ದರು. ಅಣ್ಣ ಇವತ್ತು ಆಂಟೆನಾದ ಪುರಾಣವನ್ನೇ ಹೇಳುತ್ತಿದ್ದಾನೆ ಎಂದುಕೊಂಡ. ದೀಪ ಆರಿದ ಮೇಲೆ ಸೆಟ್ಟನ್ನು ಬಾಯಿಯ ಹತ್ತಿರ ತಂದು, "ಫೈವ್ ನೈನ್. ಆಗಲಿ ಅಣ್ಣಾ, ಆಗಲಿ" ಎಂದ. ಹಂಡೆ ಕೊಳ್ಳಲು ಬಂದವರು ಬೆರಗಾಗಿ ನೋಡಿದರು. ಅದು ಅವನಿಗೆ ಹಿತವಾಯಿತು.

ಮಧ್ಯಾಹ್ನ ದಾಟಿದ ಮೇಲೆ ಮೂರನೆಯ ಸಲ ದೀಪ ಹತ್ತಿತು. ಸಣ್ಣ ಮಾತು. ಅದಕ್ಕೂ ಅಷ್ಟೇ ಉತ್ತರ.

ಆಮೇಲೆ ದೀಪ ಹತ್ತಲಿಲ್ಲ. ಕೆಲಸ ಮುಗಿಸಿ ಇಳಿಯುತ್ತಿದ್ದಾನೆ ಎಂದು ವ್ಯಾಪಾರಿ ಸಮಾಧಾನದಿಂದ ಊಟ ಮಾಡಿದ.

ಐದು ಗಂಟೆಯಾದರೂ ಗಡಿಯಾರದವನು ಬರಲಿಲ್ಲ. ಹವ್ಯಾಸಿಗಳಲ್ಲಿ ನಾಲ್ವರು ಗುಡ್ಡ ಹತ್ತಿದರು. ಏಣಿ ನೆಲದಲ್ಲಿ ಬಿದ್ದಿತ್ತು. ಅವನು ಕಲ್ಲಿನ ಕೋಣೆಯ ಗೋಡೆಗೆ ಒರಗಿ ಕೂತಿದ್ದ. ತೊಡೆಯ ಎಲುಬು ಮುರಿದು ರಕ್ತ ಒಳಗೊಳಗೇ ಹರಿದಿತ್ತು. ಜೀವ ಹೋಗಿ ಬಹಳ ಹೊತ್ತಾಗಿತ್ತು. ಸೆಟ್ ಮಡಿಲಲ್ಲಿತ್ತು. ಆಫ್ ಮಾಡಿರಲಿಲ್ಲ.

ಹೆಣ ಇಳಿಸುವಾಗ ಒಬ್ಬ ಕುರಿಗಾಹಿ ಎದುರಾದ. ಅವನು ಹಣೆ ಬಡಿದುಕೊಂಡ. "ಮಧ್ಯಾಹ್ನ ನಾ ಆಚೆ ದಿಬ್ಬದ ಮ್ಯಾಲಿದ್ದೆ. ಇವರು ಕುಂತಿದ್ದು ಕಂಡಿತು. 'ಯಾಕ್ರೀ ಯಪ್ಪಾ, ನಾ ಬರಲೇನು?' ಅಂತ ಒದರಿದೆ. 'ಬ್ಯಾಡಪಾ, ಕುರಿ ಬಿಟ್ಟು ಬರಬ್ಯಾಡ. ಕಾಲು ನೊಂದೈತಿ. ನಮ್ಮವರಿಗೆ ಹೇಳೀನಿ. ಕೇಳಿಸಿಕೊಂಡಾರ, ಬರಾಕ ಹತ್ಯಾರ' ಅಂದ್ರು."

ಗುಡ್ಡದ ಬುಡದಲ್ಲಿ ವ್ಯಾಪಾರಿ ನಿಂತಿದ್ದ. ಕುರಿಗಾಹಿಯ ಮಾತನ್ನು ನಾಲ್ವರೂ ಅವನಿಗೆ ಹೇಳಿದರು. ಅವರಲ್ಲೊಬ್ಬ ಅವನ ಸೊಂಟದಿಂದ ಸೆಟ್ ತೆಗೆದುಕೊಂಡು ಪಟ್ಟಿಗಳನ್ನು ಒಂದೊಂದಾಗಿ ನೋಡಿದ. ನೋಡಿ, ಸೆಟ್ಟನ್ನು ವ್ಯಾಪಾರಿಯ ಕೈಯಲ್ಲೇ ಇಟ್ಟ. ಯಾರೂ ಅವನನ್ನು ಬೈಯಲಿಲ್ಲ. ಅವತ್ತಿನಿಂದ ಯಾರೂ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕುರಿಗಾಹಿಯ ಮಾತಷ್ಟೇ ಗಡಿಯಾರದವನ ಮನೆಗೆ ಮುಟ್ಟಿತು. ಸೆಟ್ಟಿನಲ್ಲಿ ಕಂಡದ್ದನ್ನು ಅಲ್ಲಿ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಗಡಿಯಾರದವನ ಹೆಂಡತಿ ಪಾತ್ರೆ ಅಂಗಡಿಗೆ ಬಂದಳು. ವ್ಯಾಪಾರಿ ಎದ್ದು ನಿಂತು ಕುರ್ಚಿ ಸರಿಸಿದ. ಅವಳು ಕೂರಲಿಲ್ಲ.

"ಯಾಕ ಬರಲಿಲ್ಲ ಅಂತ ಕೇಳಾಕ ಬಂದಿಲ್ರೀ ಸಾವ್ಕಾರ್ರ" ಎಂದಳು. "ಬರಬೇಕು ಅನ್ನೂದರೊಳಗ ಏನೇನು ಅಡ್ಡ ಬಂತೋ ಏನೋ. ಆದ್ರ ಅವರು ಕಡೀಕ ಮಾತಾಡಿದ್ದು ನಿಮ್ಮ ಕೂಡ. ಕೇಳಿದವರು ನೀವೊಬ್ಬರ. ಅವರು ಏನೇನು ಅಂದ್ರು, ನನಗೂ ಒಮ್ಮೆ ಹೇಳ್ರಿ. ಒಂದು ಮಾತೂ ಬಿಡಬ್ಯಾಡ್ರಿ."

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು.

ಸಂಜೋತಾ ಕೇಳಿದಳು: "ಅವನು ಏನು ಹೇಳಿದ, ಮಾಸ್ತರ್?"

"ಆ ತಾಯಿ ಇನ್ನೂ ಅಂಗಡಿಯ ಮುಂದೆ ನಿಂತಿದ್ದಾಳೆ, ಕೇಳದಿದ್ದರೂ ಕೇಳಿತು ಅಂದವಳು ನೀನಾದರೂ ಏನಾದರೊಂದು ಹೇಳಿ ಕಳಿಸಮ್ಮ."